ಸಕ್ಕರೆ ಕಾಯಿಲೆ: ಕೆಲಸದ ಯಜಮಾನರಿಗೆ ಮಾತ್ರ ಹೇಳುವುದಾ, ಜೊತೆ ಕೆಲಸದವರಿಗೂನಾ?

ಶಿರಸಿಯ ಅಡಿಕೆ ವಖಾರಿಯಲ್ಲಿ ಲೆಕ್ಕ ಬರೆಯುವ ತಂಗಿಯೊಬ್ಬಳು ಕೇಳಿದ್ದಾಳೆ: ಇನ್ಸುಲಿನ್ ತಗೊಳ್ಳುವ ವಿಷಯ ಯಾರಿಗೆ ಹೇಳಲಿ?

ರಜೆ, ಊಟದ ಹೊತ್ತು ಮಾತ್ರ ಬೇಕಿದ್ದರೆ ವಖಾರಿಯ ಯಜಮಾನರಿಗೆ ಹೇಳಿದರೆ ಸಾಕು. ಗುಟ್ಟು ಉಳಿಯುವುದೂ ಹೀಗೇ. ಸಣ್ಣ ಊರಲ್ಲಿ ಮಾತು ಸಂಜೆಯೊಳಗೆ ಮನೆ ತಲುಪುತ್ತದೆ, ಅಲ್ವಾ?

ಆದರೆ ರಕ್ತದ ಸಕ್ಕರೆ 70ಕ್ಕಿಂತ (mg/dL) ಕೆಳಗಿಳಿದು ಕೈ ನಡುಗಿ, ಬೆವರಿ, ಮಾತು ತೊದಲಿದಾಗ ಯಜಮಾನರು ಹತ್ತಿರ ಇರದೇ ಹೋಗಬಹುದು. ಪಕ್ಕದ ಮೇಜಿನವರಿಗೆ ಗೊತ್ತಿರಬೇಕು: 3 ಟೀ ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಬೇಕು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬಾರದು, 108ಕ್ಕೆ ಫೋನ್ ಮಾಡಬೇಕು.

ಇನ್ಸುಲಿನ್ ಇರುವವರು ನಂಬುವ ಒಬ್ಬರಿಗಾದರೂ ಹೇಳಲೇಬೇಕು ಎನ್ನುತ್ತೇನೆ. ಬರೀ ಮೆಟ್‌ಫಾರ್ಮಿನ್ ಗುಳಿಗೆಯಾದರೆ ಸಕ್ಕರೆ ಹೀಗೆ ಇಳಿಯುವುದು ಅಪರೂಪ. ಆಗ ಸುಮ್ನೆ ಎಲ್ಲರಿಗೂ ಹೇಳಬೇಕೆಂದಿಲ್ಲ.