ಜೋಗವೋ, ಉಂಚಳ್ಳಿಯೋ?

ಸಾಗರದಲ್ಲಿ ಮನೆಯಿರುವ ನಮಗೆ ಮಳೆಗಾಲದಲ್ಲಿ ನೆಂಟರಿಂದ ಬರುವ ಮೊದಲ ಪ್ರಶ್ನೆ ಜೋಗದಲ್ಲಿ ನೀರು ಹೇಗಿದೆ ಎಂಬುದು. ಎರಡನೆಯ ಪ್ರಶ್ನೆ, ಜೋಗಕ್ಕೇ ಹೋಗಬೇಕೋ ಅಥವಾ ಸಿದ್ದಾಪುರ ತಾಲೂಕಿನ ಉಂಚಳ್ಳಿ ಜಲಪಾತಕ್ಕೆ ಹೋದರೆ ಸಾಕೋ ಎಂಬುದು. ಎರಡನ್ನೂ ಬೇರೆ ಬೇರೆ ತಿಂಗಳುಗಳಲ್ಲಿ ನೋಡಿರುವ ನನ್ನ ಅಭಿಪ್ರಾಯವನ್ನು ಇಲ್ಲಿ ಬರೆಯುತ್ತಿದ್ದೇನೆ.

ಎತ್ತರದಲ್ಲಿ ಜೋಗಕ್ಕೆ ಉಂಚಳ್ಳಿ ಸಾಟಿಯಲ್ಲ. ಶರಾವತಿ 253 ಮೀಟರ್ ಆಳಕ್ಕೆ ಬೀಳುತ್ತಾಳೆ. ಉಂಚಳ್ಳಿಯಲ್ಲಿ ಅಘನಾಶಿನಿಯ ಜಿಗಿತ 116 ಮೀಟರ್. ಆದರೆ ಜೋಗದ ನೀರು ಆಕಾಶವನ್ನಷ್ಟೇ ನಂಬಿಕೊಂಡಿಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ ನದಿಯ ಬಹುಪಾಲು ನೀರು ವಿದ್ಯುತ್ತಿಗಾಗಿ ತಿರುಗಿತು. ಜಲಾಶಯ ತನ್ನ ಗರಿಷ್ಠ ಮಟ್ಟವಾದ 1819 ಅಡಿಯ ಸಮೀಪಕ್ಕೆ ಬಂದು ಗೇಟು ತೆರೆಯುವವರೆಗೆ ಜಲಪಾತಕ್ಕೆ ಸಿಗುವುದು ಅಣೆಕಟ್ಟಿನ ಕೆಳಗಿನ ಕಾಡು, ಗುಡ್ಡಗಳ ಮೇಲೆ ಬಿದ್ದ ಮಳೆಯ ನೀರು ಮಾತ್ರ. ಗೇಟು ತೆರೆದ ದಿನವೇ ಜೋಗ ನೋಡಬೇಕೆಂದು ಬೆಂಗಳೂರಿನಿಂದ ಓಡಿಬರುವವರಿದ್ದಾರೆ. ಆ ದೃಶ್ಯ ಭೀಕರವಾಗಿರುತ್ತದೆ, ನಿಜ; ಆದರೆ ರಾಜ, ರೋರರ್, ರಾಕೆಟ್, ರಾಣಿ ಎಂಬ ನಾಲ್ಕು ಧಾರೆಗಳ ಗುರುತು ಆ ಪ್ರವಾಹದಲ್ಲಿ ಅಳಿಸಿಹೋಗುತ್ತದೆ. ನೀರು ಹದವಾಗಿರುವಾಗ ರಾಜ ನೇರವಾಗಿ ಧುಮುಕುವುದನ್ನು, ರೋರರ್ ಬಂಡೆಯ ಕೊರಕಲಿನಲ್ಲಿ ಆರ್ಭಟಿಸುತ್ತ ಅವನ ಕಡೆಗೆ ಸರಿಯುವುದನ್ನು, ರಾಕೆಟ್ ಚಿಮ್ಮುವುದನ್ನು, ರಾಣಿ ನೊರೆಯಾಗಿ ಹರಡಿ ಇಳಿಯುವುದನ್ನು ಬಿಡಿಬಿಡಿಯಾಗಿ ಕಾಣಬಹುದು. ನನಗೆ ಅದೇ ನಿಜವಾದ ಜೋಗ.

ಜೋಗದಲ್ಲಿಯೂ ನಿಲ್ಲುವ ಜಾಗ ಎರಡಿವೆ. ಶಿವಮೊಗ್ಗ ಜಿಲ್ಲೆಯ ಕಡೆಯ ಕಟ್ಟೆಯಿಂದ ನಾಲ್ಕೂ ಧಾರೆಗಳು ಒಟ್ಟಿಗೆ ಕಾಣುತ್ತವೆ, ವಯಸ್ಸಾದವರೂ ಹೆಚ್ಚು ನಡೆಯದೆ ನೋಡಬಹುದು. ಕಣಿವೆ ಮಂಜಿನಿಂದ ಮುಚ್ಚಿದ್ದರೆ ಬೇಸರಿಸದೆ ಅಲ್ಲೇ ಕಾಯಬೇಕು. ಗಾಳಿ ತಿರುಗಿದರೆ ತೆರೆ ಸರಿಯುತ್ತದೆ. ಸೇತುವೆ ದಾಟಿ ಎದುರು ದಡದ ಬಾಂಬೆ ಬಂಗಲೆಯ ಬಳಿ ನಿಂತರೆ ನೋಟವೇ ಬೇರೆ. ಬಂಡೆಯ ಅಂಚಿನವರೆಗೆ ಚಹಾ ಬಣ್ಣದಲ್ಲಿ ಸದ್ದಿಲ್ಲದೆ ಹರಿದುಬರುವ ನೀರು, ಅಂಚು ದಾಟಿದ ಕ್ಷಣವೇ ಬೆಳ್ಳಗಾಗಿ, ಇನ್ನಷ್ಟು ಕೆಳಗಿಳಿಯುವಷ್ಟರಲ್ಲಿ ಗೊಂಚಲು ಗೊಂಚಲಾಗಿ ಒಡೆದು, ತಳ ಮುಟ್ಟುವ ಮೊದಲೇ ಅರ್ಧ ಹೊಗೆಯಾಗಿಬಿಡುತ್ತದೆ. ಜೋಗದ ಆಳ ಮೈಗೆ ತಾಗುವುದು ಅಲ್ಲಿ.

ಉಂಚಳ್ಳಿಯ ಬಲ ಬೇರೆಯದು. ಶಿರಸಿಯ ಕಡೆ ಹುಟ್ಟಿ ಸಮುದ್ರ ಸೇರುವವರೆಗೆ ಅಘನಾಶಿನಿಗೆ ದೊಡ್ಡ ಅಣೆಕಟ್ಟಿನ ತಡೆಯಿಲ್ಲ. ಆದ್ದರಿಂದ ರಾತ್ರಿ ಮಳೆ ಸುರಿದರೆ ಬೆಳಿಗ್ಗೆ ಜಲಪಾತಕ್ಕೆ ಗೊತ್ತಾಗುತ್ತದೆ. ಯಾರ ತೀರ್ಮಾನಕ್ಕೂ ಅದು ಕಾಯಬೇಕಾಗಿಲ್ಲ. ಇಡೀ ನದಿ ಒಂದೇ ಮೈಯಾಗಿ ಬೀಳುವುದರಿಂದ ಸದ್ದು ಎಷ್ಟಿರುತ್ತದೆಂದರೆ, ಸುತ್ತಲಿನ ಜನ ಇದನ್ನು ಕೆಪ್ಪ ಜೋಗವೆಂದೇ ಕರೆಯುತ್ತಾರೆ. 1845ರ ಸುಮಾರಿಗೆ ಇದನ್ನು ಕಂಡ ಜಿಲ್ಲಾಧಿಕಾರಿಯ ನೆನಪಿಗೆ ಲಷಿಂಗ್ಟನ್ ಜಲಪಾತ ಎಂಬ ಹೆಸರೂ ಬಂದಿದೆ. ದಾರಿ ಮಾತ್ರ ಜೋಗದಷ್ಟು ಸಲೀಸಲ್ಲ. ಸಿದ್ದಾಪುರದಿಂದ ಹೆಗ್ಗರಣೆಯ ಮೇಲೆ ಸಾಗಿ, ಕೊನೆಗೆ ಕಾಡಿನಲ್ಲಿ ನಡೆಯಬೇಕು. ಮಳೆಗಾಲದಲ್ಲಿ ಉಂಬಳದ (ಜಿಗಣೆಯ) ಕಾಟ ತಪ್ಪದು. ಕಾಲಿಗೆ ಸುಣ್ಣ, ಹೊಗೆಸೊಪ್ಪು ಹಚ್ಚಿಕೊಳ್ಳುವ ಹಳೆಯ ಉಪಾಯ ಈಗಲೂ ಕೆಲಸಕ್ಕೆ ಬರುತ್ತದೆ.

ಮನೆಗೆ ಬಂದವರಲ್ಲಿ ಮಂಡಿ ನೋವಿನ ಹಿರಿಯರಿದ್ದರೆ ನಾನು ಜೋಗವನ್ನೇ ಹೇಳುತ್ತೇನೆ. ಬೇಸಿಗೆಯಲ್ಲಿ ಬರುವವರಿಗೆ ಎರಡನ್ನೂ ಹೇಳುವುದಿಲ್ಲ. ನಡೆಯಬಲ್ಲವರು ಸೆಪ್ಟೆಂಬರಿನಲ್ಲಿ ಒಂದೇ ದಿನದ ಬಿಡುವು ಮಾಡಿಕೊಂಡು ಬಂದರೆ, ಬೆಳಿಗ್ಗೆ ಜೋಗದ ಎರಡೂ ದಡ ನೋಡಿ, ಅಲ್ಲಿಂದ 20 ಚಿಲ್ಲರೆ ಕಿಲೋಮೀಟರ್ ದೂರದ ಸಿದ್ದಾಪುರದಲ್ಲಿ ಊಟ ಮುಗಿಸಿ ಉಂಚಳ್ಳಿಗೆ ಹೊರಡುವುದು ಲೇಸು. ಕತ್ತಲಾಗುವ ಮೊದಲು ಕಾಡಿನ ದಾರಿಯಿಂದ ಹೊರಗೆ ಬರುವಷ್ಟು ಸಮಯವನ್ನು ಇಟ್ಟುಕೊಳ್ಳಲೇಬೇಕು.