ಬಂದರು ನೋಡೋಕೆ ಯಾವ ಕ್ಯಾಮೆರಾ ಒಳ್ಳೇದು?

ಒಂದೇ ಬಂದರು, ಮೂರು ಲೈವ್ ಕ್ಯಾಮೆರಾ. ಒಂದು ದಕ್ಕೆಯ ಕಂಬಕ್ಕೆ ಬಿಗಿದದ್ದು. ಅಲುಗಾಡುವುದಿಲ್ಲ, ವಿಡಿಯೊ ಜೊತೆ ಸದ್ದೂ ಇದೆ. ಇನ್ನೊಂದು ಅರ್ಧ ನಿಮಿಷಕ್ಕೊಮ್ಮೆ ಕತ್ತು ತಿರುಗಿಸುತ್ತದೆ. ಮೂರನೆಯದರಲ್ಲಿ ವಿಡಿಯೊ ಇಲ್ಲವೇ ಇಲ್ಲ, ಹತ್ತು ನಿಮಿಷಕ್ಕೊಂದು ಫೋಟೊ ಬರುತ್ತದೆ, ಅಷ್ಟೇ. ಒಂದು ತಿಂಗಳು ಮೂರನ್ನೂ ಬೇರೆ ಬೇರೆ ಟ್ಯಾಬಿನಲ್ಲಿ ತೆರೆದಿಟ್ಟು ನೋಡಿದೆ.

ಕತ್ತು ತಿರುಗಿಸುವುದು ಮೊದಲ ದಿನ ಭಾರಿ ಇಷ್ಟವಾಯಿತು. ದೀಪಸ್ತಂಭ, ಅಲೆ ತಡೆಯುವ ಗೋಡೆ, ದೋಣಿಗಳು, ಎಲ್ಲವೂ ಸಿಗುತ್ತದೆ ಅಲ್ವಾ? ಮೂರನೇ ದಿನಕ್ಕೆ ಸಿಟ್ಟು ಬಂತು. ಮೀನು ಹಿಡಿದು ಬಂದ ದೋಣಿಯೊಂದು ಇನ್ನೇನು ಒಳಗೆ ತಿರುಗಬೇಕು, ಕ್ಯಾಮೆರಾ ಕಾರು ನಿಲ್ಲಿಸುವ ಜಾಗ ತೋರಿಸತೊಡಗಿತು. ಮತ್ತೆ ಈ ಕಡೆ ಬರುವಷ್ಟರಲ್ಲಿ ದೋಣಿ ಕಟ್ಟಿ ಆಗಿತ್ತು. ಅದರ ಮೇಲಿನ ಆಸೆ ಅಲ್ಲಿಗೇ ಬಿಟ್ಟೆ.

ಅಲುಗಾಡದ ವಿಡಿಯೊ ಶುರುವಿನಲ್ಲಿ ಬೇಜಾರು ಹುಟ್ಟಿಸುತ್ತದೆ. ಗಾಳಿ ಜೋರಾದರೆ ಮೈಕಿನಲ್ಲಿ ಬರೀ ಗುರ್ ಅನ್ನುವ ಸದ್ದು. ಆದರೆ ಸುಮ್ನೆ ನೋಡುತ್ತಾ ಕೂತರೆ ಕಣ್ಣು ಪಳಗುತ್ತದೆ. ದೋಣಿ ಕಟ್ಟಿದ ಹಗ್ಗ ಸಡಿಲಾಗಿ ನೀರಿಗೆ ಬೀಳುತ್ತದೆ, ದೋಣಿ ಹಿಂದೆ ಸರಿದಾಗ ಬಿಗಿದು ಮೇಲೇಳುತ್ತದೆ, ಉದ್ದಕ್ಕೂ ಹನಿ ತೊಟ್ಟಿಕ್ಕುತ್ತದೆ. ರಾತ್ರಿ ಇನ್ನೂ ಚೆಂದ. ದೋಣಿಯ ಎಡಕ್ಕೆ ಕೆಂಪು ದೀಪ, ಬಲಕ್ಕೆ ಹಸಿರು. ಎರಡೂ ಒಟ್ಟಿಗೆ ಕಂಡರೆ ಅದು ನೇರ ನಮ್ಮ ಕಡೆಗೇ ಬರುತ್ತಿದೆ. ಹಿಂಬದಿಯ ಬಿಳಿ ದೀಪ ಮಾತ್ರ ಕಂಡರೆ ಹೆಚ್ಚಾಗಿ ಹೊರಟುಹೋಗುತ್ತಿದೆ. ಇಷ್ಟು ಗೊತ್ತಾದ ಮೇಲೆ ಕತ್ತಲಲ್ಲೂ ಟ್ಯಾಬ್ ಮುಚ್ಚಲು ಮನಸ್ಸು ಬರಲಿಲ್ಲ.

ಲೈವ್ ಅಂದರೂ ಪೂರ್ತಿ ಲೈವ್ ಅಲ್ಲ. ಮೂಲೆಯ ಗಡಿಯಾರ ನನ್ನ ಫೋನಿಗಿಂತ ಇಪ್ಪತ್ತು ಸೆಕೆಂಡು ಹಿಂದಿತ್ತು. ವಿಡಿಯೊವನ್ನು ಸಣ್ಣ ಸಣ್ಣ ತುಂಡು ಮಾಡಿ ಕಳಿಸುವುದರಿಂದ ಅಷ್ಟು ತಡ. ಇನ್ನೊಂದು ತಕರಾರು ಜೇಡದ್ದು. ರಾತ್ರಿ ಲೆನ್ಸಿನ ಮುಂದೆ ಬಲೆ ನೇಯ್ದು ನಡುವೆ ಕೂತುಬಿಟ್ಟಿತು. ಹಿಂದೆ ಹೋದ ಹಡಗಿಗಿಂತ ಅದೇ ದೊಡ್ಡದಾಗಿ ಕಾಣುತ್ತಿತ್ತು!

ಫೋಟೊ ಕ್ಯಾಮೆರಾ ಮೇಲೆ ನನಗೆ ನಂಬಿಕೆಯೇ ಇರಲಿಲ್ಲ. ಹತ್ತು ನಿಮಿಷದಲ್ಲಿ ದೋಣಿ ಬಂದು ಹೋಗಿಯೂ ಆಗಿರುತ್ತದೆ. ಆದರೆ ಉಬ್ಬರ ಇಳಿತ ಕಂಡದ್ದು ಇದರಲ್ಲೇ. ಒಂದು ಗಂಟೆ ವಿಡಿಯೊ ನೋಡಿ ನೀರು ಹಾಗೇ ಇದೆ ಅಂದುಕೊಂಡಿದ್ದೆ. ಅದೇ ಗಂಟೆಯ ಮೊದಲ ಮತ್ತು ಕೊನೆಯ ಫೋಟೊ ಅಕ್ಕಪಕ್ಕ ಇಟ್ಟರೆ ದಕ್ಕೆಯ ಮೂರು ಮೆಟ್ಟಿಲು ಮುಳುಗಿದ್ದವು. ಒಂದು ಉಬ್ಬರದಿಂದ ಮುಂದಿನದಕ್ಕೆ ಸುಮಾರು 12 ಗಂಟೆ 25 ನಿಮಿಷ. ಹಾಗಾಗಿ ನಾಳೆಯದು ಇವತ್ತಿಗಿಂತ ಸುಮಾರು 50 ನಿಮಿಷ ತಡ. ಹುಣ್ಣಿಮೆ ಆದ ಮಾರನೇ ದಿನ ನೀರು ಪೂರ್ತಿ ಇಳಿದಾಗ ಹನ್ನೊಂದು ಮೆಟ್ಟಿಲು ಎಣಿಸಿದೆ, ಕೊನೆಯದು ಪಾಚಿಯಿಂದ ಕಪ್ಪಾಗಿತ್ತು. ವಾರದ ನಂತರ ಏಳೇ ಕಂಡವು. ಡೇಟಾ ಲೆಕ್ಕದಲ್ಲೂ ಇದೇ ಅಗ್ಗ: ಇಡೀ ದಿನದ ಫೋಟೊಗಳು ಒಂದು ಗಂಟೆಯ ವಿಡಿಯೊದಷ್ಟೂ ತಿನ್ನುವುದಿಲ್ಲ.

ಒಂದೇ ಇಟ್ಟುಕೋ ಅಂದರೆ ನಾನು ಅಲುಗಾಡದ ವಿಡಿಯೊವನ್ನೇ ಇಟ್ಟುಕೊಳ್ಳುತ್ತೇನೆ, ಹಗ್ಗಕ್ಕಾಗಿ ಮತ್ತು ರಾತ್ರಿಯ ದೀಪಗಳಿಗಾಗಿ. ಸದ್ಯಕ್ಕೆ ಫೋಟೊ ಟ್ಯಾಬನ್ನೂ ಮುಚ್ಚಿಲ್ಲ. ಅಮಾವಾಸ್ಯೆ ಹತ್ತಿರ ಬರುತ್ತಿದೆ, ಹುಣ್ಣಿಮೆಯ ಹಾಗೆ ಆಗಲೂ ನೀರು ಹೆಚ್ಚು ಇಳಿಯುತ್ತದೆ, ಹನ್ನೆರಡನೇ ಮೆಟ್ಟಿಲು ಇದೆಯೋ ಇಲ್ಲವೋ ನೋಡಬೇಕು.