1/16 ಅಳತೆಯ ಟಿ-55 ಟ್ಯಾಂಕಿನ ಮಾದರಿಗೆ ಯಾವ ಚೈನು: ಲೋಹದ್ದೋ, ಪ್ಲಾಸ್ಟಿಕ್ಕಿನದೋ?

ಮಡಿಕೇರಿಯ ಜನರಲ್ ತಿಮ್ಮಯ್ಯ ವಸ್ತುಸಂಗ್ರಹಾಲಯದಲ್ಲಿರುವ ಟಿ-55 ಟ್ಯಾಂಕನ್ನು ಪಕ್ಕದಿಂದ ನೋಡಿದವರಿಗೆ, ಗಾಲಿಗಳನ್ನು ಸುತ್ತುವ ಚೈನಿನ ಮೇಲ್ಭಾಗವನ್ನು ಎತ್ತಿ ಹಿಡಿಯುವ ಸಣ್ಣ ಉರುಳೆಗಳು ಅದರಲ್ಲಿಲ್ಲವೆಂಬುದೂ, ಚೈನು ತನ್ನ ಭಾರಕ್ಕೇ ಜೋಲುಬಿದ್ದು ಐದು ದೊಡ್ಡ ಗಾಲಿಗಳ ಮೇಲೆ ಕೂರುತ್ತದೆಂಬುದೂ ಗೊತ್ತಿರುತ್ತದೆ. ಇದರ ಹಳೆಯ ಪುಟ್ಟ ಮಾದರಿಯನ್ನು ಬಿಚ್ಚಿ ಮರುಜೋಡಿಸುವಾಗ ಈ ಜೋಲೇ ನಿರ್ಣಾಯಕ. ಲೋಹದ ಬಿಡಿ ಕೊಂಡಿಗಳಲ್ಲಿ ಅದು ತಾನಾಗಿಯೇ ಬರುತ್ತದೆ. ಆದರೆ ಬೆಲೆ ಹೆಚ್ಚು, ಕೊಂಡಿಗಳನ್ನು ಜೋಡಿಸುವ ಪಿನ್ನುಗಳು ಉಕ್ಕಿನವಾದರೆ ಕೊಡಗಿನ ಮುಂಗಾರಿನ ತೇವಕ್ಕೆ ತುಕ್ಕು ಹಿಡಿಯುವುದರಿಂದ ಹಿತ್ತಾಳೆಯವನ್ನೇ ಹಾಕಬೇಕಾಗುತ್ತದೆ. ಪ್ಲಾಸ್ಟಿಕ್ ಕೊಂಡಿಗಳಿಗೆ ತುಕ್ಕಿನ ಕಾಟವಿಲ್ಲ. ಅವನ್ನು ಅಂಟಿಸಿ ಜೋಡಿಸುವುದರಿಂದ ಜೋಲನ್ನು ಮಾತ್ರ ಅಂಟು ಪೂರ್ತಿ ಒಣಗುವ ಮೊದಲೇ ಒತ್ತಿ ಕೂರಿಸಬೇಕು. ಗಾಜಿನ ಪೆಟ್ಟಿಗೆಯಲ್ಲಿಡುವ ಮಾದರಿಗೆ ನಾನು ಪ್ಲಾಸ್ಟಿಕ್ಕನ್ನೇ ಆರಿಸುತ್ತೇನೆ. ರಿಮೋಟಿನಿಂದ ಓಡಿಸುವುದಾದರೆ ಲೋಹದ್ದು, ಅದೂ ಗೇರುಗಳು ಆ ಭಾರವನ್ನು ತಡೆಯುವಷ್ಟು ಗಟ್ಟಿಯಿದ್ದರೆ ಮಾತ್ರ.